ಏಳೂವರೆಯ ವಕೀಲ

ಸಂಗಮೇಶ ತಲೆಗೆ ಶಾಂಪೂ ಹಚ್ಚಿಕೊಂಡಿದ್ದ ಹೊತ್ತಿಗೇ ನಲ್ಲಿಯಲ್ಲಿ ನೀರು ನಿಂತಿತು. ಟ್ಯಾಂಕು ಖಾಲಿಯಾಗಿರಲಿಲ್ಲ. ಮನೆಯೊಡತಿ ಗೌರಮ್ಮನೇ ವಾಲ್ವ್ ಮುಚ್ಚಿದ್ದಾರೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಹಿಂದಿನ ಸಂಜೆಯ ಕಂತಿನಲ್ಲಿ ಅವನು ಸುಳ್ಳು ಸಾಕ್ಷಿ ಹೇಳಿಸಿ ಗಂಡನಿಲ್ಲದ ಹೆಂಗಸೊಬ್ಬಳ ಮನೆ ನುಂಗಿದ್ದ.

"ಆ ಹೆಣ್ಮಗಳ ಕಣ್ಣೀರು ನಿನ್ನ ಸುಮ್ನೆ ಬಿಡಲ್ಲ ಕಣೋ ಲಾಯರೇ!" ಕೆಳಗಿನಿಂದ ಕೂಗು ಬಂತು.

"ಆಂಟೀ, ಅದು ಸೀರಿಯಲ್ ರೀ! ಕಣ್ಣಾಗ ಶಾಂಪೂ ಹೊಕ್ಕೈತಿ!"

"ಉರೀಲಿ!"

ಸ್ವಲ್ಪ ಹೊತ್ತಿಗೆ ನಲ್ಲಿ ಮತ್ತೆ ಗೊಳಗೊಳ ಎಂದಿತು. ಗೌರಮ್ಮನ ಯಜಮಾನರು ಗಂಗಾಧರಯ್ಯನವರು ಸದ್ದಿಲ್ಲದೆ ಮಹಡಿ ಹತ್ತಿ ವಾಲ್ವ್ ತಿರುಗಿಸಿದ್ದರು. ಬಿಟಿಎಂ ಲೇಔಟ್ ಇನ್ನೂ ಹೊಲವಾಗಿದ್ದಾಗ ಅಲ್ಲಿ ರಾಗಿ ಬೆಳೆದವರು ಅವರು. ಈಗ ಅದೇ ನೆಲದಲ್ಲಿ ಅಲ್ಲೊಂದು ಇಲ್ಲೊಂದು ಕಟ್ಟಡ ಎಬ್ಬಿಸಿ ಬಾಡಿಗೆ ಬೆಳೆಯುತ್ತಿದ್ದರು. ದೇವರಂಥ ಮನುಷ್ಯ ಎಂದುಕೊಂಡು ಸಂಗಮೇಶ ತಲೆ ತೊಳೆದುಕೊಂಡ.

ಬಾಗಲಕೋಟೆಯಿಂದ ಬಂದು ಮಡಿವಾಳದ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಿದ್ದವನಿಗೆ ವಕೀಲ ಭುಜಂಗರಾಯನ ಪಾತ್ರ ಸಿಕ್ಕಿದ್ದು ಬರೀ ಒಂದು ವಾರಕ್ಕೆ. ಆದರೆ ಅವನು ಮೀಸೆಯಡಿಯಲ್ಲೇ ನಕ್ಕು, ಸುಳ್ಳು ಸಾಕ್ಷಿಯ ಬೆನ್ನು ತಟ್ಟಿದ ರೀತಿಗೆ ಊರಿಗೆ ಊರೇ ಹಲ್ಲು ಕಡಿಯಿತು. ಜನ ಶಾಪ ಹಾಕಿದಷ್ಟೂ ಭುಜಂಗರಾಯ ಬೆಳೆದ. ಕಾರು ಬಂತು, ಬಂಗಲೆ ಬಂತು, ಪಾಲಿಗೆ ಎರಡು ಕೊಲೆಗಳೂ ಬಂದವು. ಬನಶಂಕರಿ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಅವನಿಗೆ ಕೊಡೆಯಿಂದ ಬಾರಿಸಿದರು. ಅಂದು ಅವನು ಊರಿಗೆ ಫೋನ್ ಮಾಡಿ ಸಂತೋಷಕ್ಕೆ ಅತ್ತುಬಿಟ್ಟ.

ಗೌರಮ್ಮನ ಬಾಯಿ ಇಡೀ ಬೀದಿಗೆ ಪ್ರಸಿದ್ಧ. ಸಂಜೆ ಏಳೂವರೆಗೆ ಟಿವಿ ಮುಂದೆ ಕೂತರೆ ಭುಜಂಗರಾಯನ ವಂಶವನ್ನೆಲ್ಲ ಜಾಲಾಡಿಸಿಯೇ ಏಳುತ್ತಿದ್ದರು. ಬೈದು ಬೈದು ಸುಸ್ತಾಗಿ, ಉಂಡು ಮಲಗುತ್ತಿದ್ದರು. ಆ ಹೊತ್ತಿನಲ್ಲಿ ಗಂಗಾಧರಯ್ಯನವರು ಜಗಲಿಯಲ್ಲಿ ಕಾಲು ಚಾಚಿ ಎಲೆಅಡಿಕೆ ಮೆಲ್ಲುತ್ತಿದ್ದರು.

ಹೀಗಿರುವಾಗ ಒಂದು ದಿನ ನಿರ್ದೇಶಕ ಪ್ರಮೋದ್ ಸಂಗಮೇಶನ ಹೆಗಲ ಮೇಲೆ ಕೈ ಹಾಕಿದ. "ಬೇಜಾರ್ ಮಾಡ್ಕೋಬೇಡ ಮಗಾ. ಪಾಪದ ಕೊಡ ತುಂಬಿಸಿ ಅಂತ ಚಾನೆಲ್ಲಿಂದ ಹೇಳಿದ್ದಾರೆ. ನೀನು ಕೋರ್ಟ್ ಮಹಡಿಯಿಂದ ಬಿದ್ದು ಸಾಯ್ತೀಯ."

ಕತ್ರಿಗುಪ್ಪೆಯ ಶೂಟಿಂಗ್ ಮನೆಯಲ್ಲಿ ಸಂಗಮೇಶ ಅಚ್ಚುಕಟ್ಟಾಗಿ ಸತ್ತ. ಮುಖದ ಕೆಂಪು ಬಣ್ಣವನ್ನೂ ಸರಿಯಾಗಿ ಒರೆಸಿಕೊಳ್ಳದೆ ಮನೆಗೆ ಬಂದರೆ ಮೆಟ್ಟಿಲಲ್ಲೇ ಗಂಗಾಧರಯ್ಯನವರು ಸಿಕ್ಕರು.

"ಮುಗೀತು ಅಂಕಲ್. ನಾಳೆ ಏಳೂವರೆಗೆ ಸಾಯ್ತೀನ್ರಿ. ಮತ್ತ ಅದ ಪಾರ್ಸೆಲ್ ಹೊರೂದು ನನ್ನ ಹಣೇಬರ."

ಗಂಗಾಧರಯ್ಯನವರ ಮುಖ ಬಿಳಿಚಿಕೊಂಡಿತು. "ಪೂರ್ತಿ ಸತ್ತೋಗ್ತೀಯಾ? ಆಸ್ಪತ್ರೆ ಗೀಸ್ಪತ್ರೆ ಏನೂ ಇಲ್ವಾ?"

"ಇಲ್ರಿ. ಸತ್ತ ಮ್ಯಾಲೆ ಎಬ್ಬಿಸಿ ನಗಿಸಿದ್ರು, ಅಷ್ಟ."

ಅದು ಶೂಟಿಂಗಿನವರ ಪದ್ಧತಿ ಎಂದು ಅವನೇ ಬಿಡಿಸಿ ಹೇಳಿದ. ಸತ್ತಂತೆ ನಟಿಸಿದವನನ್ನು ಹಾಗೇ ಬಿಟ್ಟರೆ ಅಪಶಕುನ. ಅವನು ಕಣ್ಣು ಬಿಟ್ಟು ಕ್ಯಾಮೆರಾ ನೋಡಿ ಒಮ್ಮೆ ನಗಬೇಕು, ಆಮೇಲೆ ಕುಂಬಳಕಾಯಿ ಒಡೆಯಬೇಕು. ಆ ನಗುವನ್ನು ಎಡಿಟರ್ ಕತ್ತರಿಸಿ ಬಿಸಾಡುತ್ತಾನೆ.

"ಅಯ್ಯೋ, ನಕ್ಕಿರೋದನ್ನ ಬಿಸಾಕ್ತಾರಾ!" ಎಂದು ಗೊಣಗುತ್ತ ಗಂಗಾಧರಯ್ಯನವರು ಚಪ್ಪಲಿ ಮೆಟ್ಟಿ ಬೀದಿಗಿಳಿದೇಬಿಟ್ಟರು. ತನ್ನ ಸಂಕಟ ಅವರಿಗೂ ಇಷ್ಟು ತಟ್ಟಿತಲ್ಲ ಎಂದುಕೊಂಡು ಸಂಗಮೇಶ ಮೆಟ್ಟಿಲು ಹತ್ತಿದ.

ಮರುದಿನ ವಿಷಯ ತಿಳಿದ ಗೌರಮ್ಮ ಒಬ್ಬಟ್ಟಿಗೆ ಬೇಳೆ ಬೇಯಿಸಿದರು. ಏಳೂವರೆಗೆ ಸಂಗಮೇಶ ಮೇಲಿನ ಕೋಣೆಯಲ್ಲಿ ಗೋಡೆಗೊರಗಿ ಕೂತು ತನ್ನ ಸಾವನ್ನು ಕಿವಿಯಿಂದಲೇ ಕೇಳಿಸಿಕೊಂಡ.

"ಬಿದ್ದ! ಬಿದ್ದ! ಸತ್ತ ನೋಡು, ಪೀಡೆ ತೊಲಗ್ತು!" ಗೌರಮ್ಮ ಚಪ್ಪಾಳೆ ತಟ್ಟಿದರು. ಅನಂತರ ಎದೆ ಒಡೆಯುವಂಥ ಕೂಗು.

"ಅಯ್ಯಯ್ಯೋ, ಕಣ್ಣು ಬಿಟ್ಟ! ನಗ್ತವ್ನೆ ನೋಡ್ರೀ, ನಗ್ತವ್ನೆ!"

ಒಬ್ಬಟ್ಟು ಆರಿಹೋಯಿತು, ಬೈಗುಳ ಆರಲಿಲ್ಲ. ಅಂಥ ಬೈಗುಳವನ್ನು ಸಂಗಮೇಶ ಅದುವರೆಗೆ ಕೇಳಿಯೇ ಇರಲಿಲ್ಲ.

ಯಮನಿಗೂ ಟೋಪಿ ಹಾಕಿದ ವಕೀಲ ಎಂದು ಊರೆಲ್ಲ ಅದೇ ಮಾತಾಯಿತು. ಭುಜಂಗರಾಯ ಹೇಗೆ ಬದುಕಿದ ಎಂದು ಬೇಗ ಬರೆಯಿರಿ, ಇನ್ನೊಂದು ವರ್ಷ ಅವನನ್ನು ಮುಟ್ಟಬೇಡಿ ಎಂದು ಚಾನೆಲ್ಲಿನವರು ಹೇಳಿದರು. ಪ್ರಮೋದನಿಗೆ ಮಾತ್ರ ಗುಮಾನಿ.

"ನೀನೇ ಎಡಿಟರ್‌ನ ಬುಟ್ಟಿಗೆ ಹಾಕ್ಕೊಂಡಿದ್ದೀಯ. ಭುಜಂಗರಾಯನ ಬುದ್ಧಿ ನಿಂಗೂ ಬಂತಲ್ಲ!"

"ಬಾದಾಮಿ ಬನಶಂಕರಿ ಆಣಿ ಸರ್, ಅವನ ಮುಖಾ ಸೈತ ನೋಡಿಲ್ರಿ ನಾ."

ಅದು ನಿಜವೇ ಆಗಿತ್ತು. ನಟರು ಎಡಿಟಿಂಗ್ ಆಫೀಸಿನ ಕಡೆ ಹೋಗುವ ಪ್ರಮೇಯವೇ ಇರುವುದಿಲ್ಲ. ಮರುದಿನ ಬೆಳಿಗ್ಗೆ ಸಂಗಮೇಶ ಸಿಹಿ ಪೊಟ್ಟಣ ಹಿಡಿದು ವಿಳಾಸ ಕೇಳಿಕೊಂಡು ಹೋದ. ನೋಡಿದರೆ ಆಫೀಸು ಅವನ ಮನೆಯಿಂದ ಎರಡೇ ರಸ್ತೆಯಾಚೆ. ಎಡಿಟರ್ ರವಿಕಿರಣ್ ಕಿವಿಯ ಹೆಡ್‌ಫೋನ್ ತೆಗೆದು ಎದ್ದು ನಿಂತ.

"ನಿಮ್ಮ ಕೈತಪ್ಪಿಗೆ ನನ್ನ ಅನ್ನ ಉಳೀತ್ರಿ," ಎಂದ ಸಂಗಮೇಶ.

"ಕೈತಪ್ಪಲ್ಲ ಸಾರ್. ಈ ಬಿಲ್ಡಿಂಗ್ ಓನರ್ ಮೊನ್ನೆ ಓಡ್ಕೊಂಡು ಬಂದ್ರು. ಈ ವರ್ಷ ಬಾಡಿಗೆ ಏರ್ಸಲ್ಲ ಕಣಪ್ಪ, ಆ ನಗು ಒಂದನ್ನ ಕತ್ತರಿಸ್ಬೇಡ ಅಂತ ಕೈ ಮುಗಿದ್ಬಿಟ್ರು. ನಿಮ್ಮನೆ ಓನರ್ರೂ ಅವ್ರೇ ಅಂತೆ."

ಸಂಗಮೇಶನಿಗೆ ನಗು ಉಕ್ಕಿತು. "ಗೌರಮ್ಮ ಆಂಟಿ ಏನ್ರಿ? ಬೈಯಾಕ ನಾ ಬೇಕಾಗೇನಿ ಅಂದಂಗಾತು!"

"ಆಂಟಿ ಅಲ್ಲ ಸಾರ್, ಗಂಗಾಧರಯ್ಯ ಅಂಕಲ್," ರವಿಕಿರಣ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಆ ಲಾಯರ್ ಸತ್ತೋದ್ರೆ ನಾಳೆಯಿಂದ ಅವಳ ಬಾಯಿಗೆ ಮತ್ತೆ ನಾನೇ ಸಿಗ್ತೀನಿ ಕಣಪ್ಪ ಅಂತ ಅತ್ತೇಬಿಟ್ರು."