ಈಶಾನ್ಯದ ನೀರು

ಊರು ಬೆಳೆಯಬೇಕಾಗಿತ್ತು. ದಾರಿಗಳು ಎರಡೇ: ಹಳೆಯ ಪೇಟೆಯಲ್ಲೇ ಮಹಡಿ ಮೇಲೆ ಮಹಡಿ ಏರಿಸುವುದು, ಇಲ್ಲವೇ ಈಶಾನ್ಯದ ಕೆರೆ ಮುಚ್ಚಿ ಬಡಾವಣೆ ಮಾಡುವುದು. ಪ್ರಾಧಿಕಾರದ ಅಧ್ಯಕ್ಷರಿಗೆ ಕೆರೆಯ ಮೇಲೇ ಕಣ್ಣು.

ನಗರ ಯೋಜಕಿ ಸುಗುಣಾ ಬೆಳಗಿನಿಂದ ಗಂಟಲು ಹರಿದುಕೊಂಡಿದ್ದಳು. ಅಂತರ್ಜಲ ಅಂದಳು, ಪ್ರವಾಹ ಅಂದಳು, ಮೊಮ್ಮಕ್ಕಳ ಕಾಲ ಅಂದಳು. ಅಧ್ಯಕ್ಷರು ಗೋಡಂಬಿ ಮೆಲ್ಲುತ್ತ, "ಮಹಡಿ ಹತ್ತೋಕೆ ನಮ್ಮ ಜನಕ್ಕೆ ಮಂಡಿನೋವು ಮೇಡಂ. ಕೆರೆ ಮುಚ್ಚೋದೇ ವಾಸಿ" ಎಂದರು.

ವಿಜ್ಞಾನ ಸೋತ ಮೇಲೆ ಸುಗುಣಾ ನಾಚಿಕೆ ಬಿಟ್ಟಳು.

"ಸರ್, ವಾಸ್ತು ಪ್ರಕಾರ ಈಶಾನ್ಯದಲ್ಲಿ ನೀರಿರಬೇಕು. ಇಲ್ಲದಿದ್ರೆ ಯಜಮಾನನ ತಲೆಗೇ ಬರುತ್ತಂತೆ. ಈ ಊರಿಗೆ ಯಜಮಾನರು ಅಂದ್ರೆ ನೀವೇ ಅಲ್ವಾ?"

ಗೋಡಂಬಿ ಕೈಯಲ್ಲೇ ಉಳಿಯಿತು. ಅಧ್ಯಕ್ಷರು ಎದ್ದು ವರಾಂಡಕ್ಕೆ ಹೋಗಿ, ತಮ್ಮ ಮನೆಯ ಬಾಗಿಲಿನ ದಿಕ್ಕನ್ನೇ ಬದಲಿಸಿಕೊಟ್ಟಿದ್ದ ವಾಸ್ತು ಪಂಡಿತರಿಗೆ ಫೋನ್ ಮಾಡಿದರು.

ಪಕ್ಕದಲ್ಲಿದ್ದ ಎಂಜಿನಿಯರ್, "ಕೆರೆ ಉಳೀತು ಬಿಡಿ ಮೇಡಂ. ಇಷ್ಟು ವರ್ಷ ಇದು ನಮಗೆ ಹೊಳೀಲೇ ಇಲ್ವಲ್ಲ!" ಎಂದು ಸುಗುಣಾಳಿಗೆ ಪಿಸುಗುಟ್ಟಿದರು.

ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತ ಒಳಬಂದು ಸುಗುಣಾಳಿಗೆ ಕೈಮುಗಿದರು.

"ದೊಡ್ಡ ಗಂಡಾಂತರ ತಪ್ಪಿಸಿದ್ರಿ ತಾಯಿ! ಈಶಾನ್ಯದಲ್ಲಿ ನೀರು ಇರಲೇಬೇಕಂತೆ."

ಸುಗುಣಾ ನೆಮ್ಮದಿಯ ಉಸಿರುಬಿಟ್ಟಳು. ಅಧ್ಯಕ್ಷರು ಎಂಜಿನಿಯರ್ ಕಡೆ ತಿರುಗಿದರು.

"ನಾಳೆಯಿಂದಲೇ ಕೆರೆಗೆ ಮಣ್ಣು ಹೊಡೆಸ್ರೀ. ಮೂಲೇಲಿ ಒಂದು ಸಂಪು ಕಟ್ಟಿಸಿದ್ರೆ ಸಾಕಂತೆ."