ಬೈಗುಳಕ್ಕೆ ತೆರೆದ ಬಾಗಿಲು

“ಅಯ್ಯೋ, ಕೆಟ್ಟೆ ಕಣೆ!” ಎಂದು ಫೋಟೊ ಸ್ಟುಡಿಯೊದವನು ಕಂಪ್ಯೂಟರ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ. ಫೋಟೊಗಳನ್ನೆಲ್ಲ ಆನ್‌ಲೈನಿನಲ್ಲಿ ಜೋಪಾನವಾಗಿಡುವ ಕಂಪನಿಯಿಂದ ಮೇಲ್ ಬಂದಿತ್ತು: ‘ಮಾನ್ಯ ಗ್ರಾಹಕರೇ, ಕೆಳಗಿನ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಡದಿದ್ದರೆ ಇಂದೇ ನಿಮ್ಮ ಫೋಟೊಗಳೆಲ್ಲ ಅಳಿಸಿಹೋಗುತ್ತವೆ.’

“ತೀರಿಕೊಂಡ್ರಲ್ಲ, ಟೀಚರಮ್ಮನ ಯಜಮಾನ್ರು, ಅವರು ನಗ್ತಿರೋ ಫೋಟೊ ಇರೋದು ಅದೊಂದೇ, ಅದೂ ಇದರಲ್ಲೇ. ಸಂಜೆ ಆಯಮ್ಮ ಅದನ್ನ ತಗೊಂಡು ಹೋಗೋಕೆ ಬಂದ್ರೆ ಏನು ಮುಖ ತೋರಿಸ್ಲಿ?”

ಭಯ ಒಳಗೆ ಬಂದರೆ ಬುದ್ಧಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತದೆ. ಗಿರಾಕಿಗಳ ಮುಖದ ಮೊಡವೆ ಹುಡುಕಿ ಹುಡುಕಿ ಅಳಿಸುವ ಈ ಮಹಾಶಯನಿಗೆ ಮೇಲ್‌ನಲ್ಲಿ ಒಂದು ಹುಳುಕೂ ಕಾಣಲಿಲ್ಲ. ಲಿಂಕ್ ಒತ್ತಿಯೇಬಿಟ್ಟ. ಕಂಪನಿಯ ಅದೇ ಗುರುತು, ಅದೇ ನೀಲಿ ಬಣ್ಣದ ಪುಟ ತೆರೆದುಕೊಂಡು ಪಾಸ್‌ವರ್ಡ್ ಕೇಳಿತು.

ಫ್ರೇಮಿನ ಗಾಜು ಒರೆಸುತ್ತಿದ್ದ ಹೆಂಡತಿ ಎದ್ದು ಬಂದು ಇಣುಕಿದಳು. “ರೀ, ಈ ಕಂಪನಿಯವ್ರು ಯಾವತ್ತಾದ್ರೂ ನಿಮ್ಮನ್ನ ಮಾನ್ಯ ಅಂದಿದ್ದಾರಾ?”

“ಅವರಾದ್ರೂ ಮರ್ಯಾದೆ ಕೊಡ್ಲಿ ಬಿಡೆ. ನೀನಂತೂ ಕೊಡಲ್ಲ.”

“ಅತಿ ವಿನಯಂ ಧೂರ್ತ ಲಕ್ಷಣಂ. ಕೈ ತೆಗೀರಿ ಅತ್ಲಾಗೆ.” ಕೀಬೋರ್ಡ್ ಎಳೆದುಕೊಂಡು, ಪಾಸ್‌ವರ್ಡ್ ಜಾಗದಲ್ಲಿ ಬಾಯಿಬಿಟ್ಟು ಹೇಳುತ್ತಲೇ ಕುಟ್ಟಿದಳು: “ನಿನ್ನ... ತಲೆ.”

“ಏಯ್, ಹುಚ್ಚೇನೆ ನಿಂಗೆ? ಅಕೌಂಟೇ ಮುಚ್ಚಿಬಿಡ್ತಾರೆ!”

ಪುಟ ಗಿರ್ರನೆ ಸುತ್ತಿತು. ‘ಧನ್ಯವಾದಗಳು. ನಿಮ್ಮ ಪಾಸ್‌ವರ್ಡ್ ಸರಿಯಾಗಿದೆ. ದಯವಿಟ್ಟು ಬ್ಯಾಂಕ್ ಕಾರ್ಡಿನ ನಂಬರ್ ಕೊಡಿ.’

“ನೋಡಿದ್ರಾ? ನಿನ್ನ ತಲೆ ಅಂದ್ರೂ ಧನ್ಯವಾದ ಅಂತಾನೆ. ಯಾವ ಕೀಲಿ ಹಾಕಿದ್ರೂ ತೆಗೆಯೋ ಬಾಗಿಲು ನಮ್ದಲ್ಲ ರೀ, ಕಳ್ಳಂದು.” ಆ ಪುಟವನ್ನು ಮುಚ್ಚಿದಳು. “ಅವನು ತೋರಿಸಿದ ದಾರಿ ಬೇಡ. ದಿನಾ ಹೋಗೋ ದಾರೀಲಿ ಹೋಗಿ.”

ಅವನು ಕಂಪನಿಯ ವಿಳಾಸವನ್ನು ತಾನೇ ಹೊಡೆದು, ಅವಸರದಲ್ಲಿ ತನ್ನ ಪಾಸ್‌ವರ್ಡ್ ಒತ್ತಿದ. ಕೆಂಪಕ್ಷರ ಮೂಡಿತು: ‘ಪಾಸ್‌ವರ್ಡ್ ತಪ್ಪಾಗಿದೆ.’

ಅವನು ಕುರ್ಚಿ ಬಿಟ್ಟು ಕುಣಿದ. “ತಪ್ಪು ಅಂದ್ರು ಕಣೆ, ತಪ್ಪು ಅಂದ್ರು! ಇವ್ರೇ ನಮ್ಮವರು!”

ಎರಡನೇ ಸಲ ಸರಿಯಾಗಿ ಒತ್ತಿದಾಗ ಫೋಟೊಗಳೆಲ್ಲ ಇದ್ದಲ್ಲೇ ಇದ್ದವು. ಟೀಚರಮ್ಮನ ಯಜಮಾನರು ಹಲ್ಲೆಲ್ಲ ಬಿಟ್ಟು ನಗುತ್ತಿದ್ದರು. ಅವನಿಗೆ ಹೋದ ಜೀವ ಬಂದಂತಾಯಿತು.

ಹೆಂಡತಿ ಮತ್ತೆ ಗಾಜು ಒರೆಸತೊಡಗಿದಳು. “ಮದುವೆ ಆದಾಗಿಂದ ನಾನೂ ದಿನಾ ತಪ್ಪು, ತಪ್ಪು ಅಂತಾನೇ ಇದ್ದೀನಿ. ಒಂದು ದಿನ ಆದ್ರೂ ಹೀಗೆ ಕುಣಿದಿದ್ದೀರಾ?”