ಬಾಡಿದ ಮೂರು ಹೂ

"ಇಲ್ಲಿದ್ದ ಹೂ ಎಲ್ಲಿ ಹೋಯ್ತು, ಟೀಚರಮ್ಮ?"

ವನಜಮ್ಮ ಮೇಜುವಸ್ತ್ರದ ಮೂಲೆಯ ಮೇಲೆ ಬೆರಳಿಟ್ಟು ಕೇಳಿದಾಗ ಎಸ್ಟೇಟಿನ ಶಾಲೆಯ ಟೀಚರ್ ದಮಯಂತಿ ತಲೆ ತಗ್ಗಿಸಿದಳು. ಕಡುಹಸಿರು ಬಟ್ಟೆಯ ತುಂಬ ಕಸೂತಿಯ ಕಾಫಿ ಹೂ ಬೆಳ್ಳಗೆ ಅರಳಿ ನಿಂತಿತ್ತು. ಆ ಮೂಲೆಯಲ್ಲಿ ಮಾತ್ರ ಸೂಜಿಯ ಸಣ್ಣ ತೂತುಗಳಿದ್ದವು.

"ಬಿಚ್ಚಿಬಿಟ್ಟೆ ಅಮ್ಮಾ. ಕಂದು ಬಣ್ಣ ಇತ್ತಲ್ಲ, ಮಡಿಕೇರಿಯವರು ಕಲೆ ಅಂದ್ಕೊಂಡ್ರೆ ಅಂತ..." ಇಸ್ತ್ರಿ ಮಾಡಿ ತರುತ್ತೇನೆಂದು ನಿನ್ನೆ ಬಟ್ಟೆಯನ್ನು ಮನೆಗೆ ಒಯ್ದವಳು ಅವಳೇ. ಕಂದು ದಾರದಲ್ಲಿ ಹೊಲಿದ ಬಾಡಿದ ಹೂ ಮೂರಿದ್ದವು. ಒಂದನ್ನು ಬಿಚ್ಚುವಷ್ಟರಲ್ಲಿ ಹೆದರಿ, ಉಳಿದೆರಡನ್ನು ಹಾಗೇ ಬಿಟ್ಟಿದ್ದಳು. ಮಡಿಕೇರಿಯಲ್ಲಿ ನಡೆಯುವ, ಆಗಿನ ಕೊಡಗು ರಾಜ್ಯದ ಕೈಕೆಲಸದ ಪ್ರದರ್ಶನಕ್ಕೆ ಬಟ್ಟೆ ಒಪ್ಪಿಸಲು ಇವತ್ತೇ ಕಡೆಯ ದಿನ. ನಲವತ್ತು ವರ್ಷ ಅಮ್ಮತ್ತಿಯ ಈ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮನೆಯಲ್ಲಿ ಕೂತು ಹೂ ಹೊಲಿದ ವನಜಮ್ಮನ ಕೆಲಸವನ್ನು ನಾಲ್ಕು ಜನ ನೋಡಲಿ ಎಂದು ಹಟ ಹಿಡಿದು ಹೆಸರು ಬರೆಸಿದ್ದವಳೂ ಅವಳೇ.

"ಬಿಳಿ ಹೂವನ್ನ ಎಲ್ಲರೂ ನೋಡ್ತಾರೆ ಮಗಾ. ಕಾಯಿ ಕಟ್ಟೋದು ಅದು ಬಾಡಿದ ಮೇಲೇನೆ. ಮಡಿಕೇರಿ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ, ಹೊಲಿ."

"ನನ್ನ ಕೈಲಿ ಆಗಲ್ಲ ಅಮ್ಮಾ."

"ಬಿಚ್ಚೋಕೆ ಆಯ್ತಲ್ಲ!"

ದಮಯಂತಿ ಸೂಜಿಗೆ ಕಂದು ದಾರ ಪೋಣಿಸಿ, ಉಳಿದಿದ್ದ ಎರಡು ಹೂಗಳ ಕಡೆ ಬಗ್ಗಿದಳು. ವನಜಮ್ಮ ಅವುಗಳ ಮೇಲೆ ಅಂಗೈ ಮುಚ್ಚಿದರು. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆಯನ್ನೂ ಎಳೆಯದೆ ಹೊಲಿಯುವ ಕೈ ಅದು. "ನನ್ನ ಹೂ ನೋಡಿ ಹೊಲಿದ್ರೆ ಅದು ನನ್ನದೇ ಆಗುತ್ತೆ. ಹಿತ್ತಲಿಗೆ ಹೋಗಿ ಗಿಡ ನೋಡ್ಕೊಂಡು ಬಾ."

ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದು ಹತ್ತು ದಿನಗಳ ಮೇಲಾಗಿತ್ತು. ಗಿಡದಲ್ಲಿ ಬಿಳುಪೆಲ್ಲ ಇಳಿದು, ಹೂಗಳು ನೆನೆಹಾಕಿ ತೆಗೆದ ಟೀ ಸೊಪ್ಪಿನಂತೆ ಕೊಂಬೆಗೆ ಅಂಟಿದಂತೆ ಕಾಣುತ್ತಿದ್ದವು. ದಮಯಂತಿ ಒಂದೊಂದಾಗಿ ನೋಡಿದಳು. ಹೆದರಿದವಳ ಕಣ್ಣು ಸಣ್ಣದನ್ನೂ ಬಿಡುವುದಿಲ್ಲ. ಮರಳಿ ಬಂದು, ಹೇಳಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು.

"ಏನು?"

"ಅಮ್ಮಾ... ಬಾಡಿದ ಹೂ ಕೊಂಬೆಗೆ ಅಂಟ್ಕೊಂಡಿಲ್ಲ. ಬುಡದಲ್ಲಿ ಆಗಲೇ ಕಳಚಿದೆ. ನಡುವೆ ಇರುತ್ತಲ್ಲ, ಒಂದು ಎಳೆ, ಅದಕ್ಕೆ ಸಿಕ್ಕಿ ನೇತಾಡ್ತಿದೆ. ನೀವು ಹೊಲಿದದ್ದರಲ್ಲಿ ಅಂಟ್ಕೊಂಡೇ ಇದೆ..."

ವನಜಮ್ಮ ಬಟ್ಟೆಯನ್ನು ಮಡಚಿಟ್ಟರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲಿಗೆ ನಡೆದರು. ಕೊಂಬೆಯನ್ನು ಕಣ್ಣಿನ ಹತ್ತಿರ ಎಳೆದು, ಉಸಿರು ತಾಗಿದರೆ ಉದುರೀತು ಎಂಬಂತೆ ಬಾಯಿಗೆ ಸೆರಗು ಹಿಡಿದು, ಬಹಳ ಹೊತ್ತು ನಿಂತರು.

ಒಳಗೆ ಬಂದು ಕೂತವರು ಕತ್ತರಿ ಕೈಗೆತ್ತಿಕೊಂಡರು. ದಮಯಂತಿ ಮುಟ್ಟಲು ಹೆದರಿದ್ದ ಎರಡು ಹೂಗಳನ್ನೂ, ಎಳೆ ಎಳೆಯಾಗಿ, ತಾವೇ ಬಿಚ್ಚತೊಡಗಿದರು.

"ಅಮ್ಮಾ, ಬಸ್ಸು!" ಗೇಟಿನ ಹತ್ತಿರ ಹಾರ್ನ್ ಕೇಳಿ ದಮಯಂತಿ ಕೂಗಿದಳು.

"ಹೋಗಲಿ ಬಿಡು. ಪ್ರದರ್ಶನ ಮುಂದಿನ ವರ್ಷವೂ ಇರುತ್ತೆ. ಗಿಡದ ಆ ಹೂ ನಾಳೆಗೆ ಇರಲ್ಲ, ಇವತ್ತೇ ನೋಡಿ ಹೊಲೀಬೇಕು."

ಹಾರ್ನ್ ಎರಡು ಸಲ ಕೂಗಿ ದೂರವಾಯಿತು. ಅರವತ್ತೆರಡರ ವನಜಮ್ಮ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಮಣೆಯೊಂದನ್ನು ಹಿಡಿದು ಗಿಡದ ಕಡೆ ಹೊರಟರು. ಎರಡು ಹೆಜ್ಜೆ ಹೋಗಿ ತಿರುಗಿದರು.

"ಇನ್ನೊಂದು ಮಣೆ ತಗೊಂಡು ಬಾ. ಎಲ್ಲಿ ಕಳಚಿದೆ ಅಂತ ನನಗೆ ಇನ್ನೊಂದು ಸಲ ತೋರಿಸು."